ಮಾವನವರ ಹತ್ತು ನಿಮಿಷದ ಪಾಠ

ಎಸ್ತಾನ್ಸಿಯಾ, ಇಲೋಯಿಲೊ
ಗುರುವಾರ, ೧೮ ಆಗಸ್ಟ್ ೨೦೨೨

ಪ್ರೀತಿಯ ರೊಡೆಲಿಯೊ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಇಲ್ಲಿ ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ಅವರು ಒಣಮೀನು ಬಿಟ್ಟಿಲ್ಲ, ವೈದ್ಯರು ಬೈಯುವುದನ್ನೂ ಬಿಟ್ಟಿಲ್ಲ.

ನಮ್ಮ ಕಾಲೇಜಿನ ಹೊಸ ಕೋರ್ಸಿಗೆ ಇಂದು ಒಪ್ಪಿಗೆ ಸಿಕ್ಕಿತು. ಡೀನ್ ಕಚೇರಿಯ ಲೂರ್ದಿತಾ ಮಧ್ಯಾಹ್ನ ಬಂದು ಹೇಳಿದಳು. ಅರ್ಧ ಪಾಠ ಫೋನಿನಲ್ಲಿ, ಅರ್ಧ ಕಾಲೇಜಿನಲ್ಲಿ. ಯೋಜನೆ ಹಾಕಿದವಳೂ, ಹದಿನಾಲ್ಕು ಮೇಷ್ಟರಿಗೆ ತರಬೇತಿ ಕೊಟ್ಟವಳೂ ನಾನೇ. ಅದರಲ್ಲಿ ಎಡವಿದವಳೂ ನಾನೇ. ಮಂಗಳವಾರ, ಗುರುವಾರ ತರಗತಿ, ಶನಿವಾರ ಮನೆಯಲ್ಲೇ ಫೋನ್ ಪಾಠ ಎಂದು ಹಲಗೆಯ ಮೇಲೆ ಅಂದವಾಗಿ ಬರೆದಿದ್ದೆ. ಆ ಮೇಷ್ಟರ ನಡುವೆಯೇ ಕೂತಿದ್ದ ನಿನ್ನ ಅಪ್ಪ ಹಿಂದಿನ ಬೆಂಚಿನಿಂದ ಎದ್ದರು. "ಇಂದಾಯ್, ಮಗಳೇ, ಶನಿವಾರ ದ್ವೀಪದ ಹುಡುಗ್ರೆಲ್ಲ ಮೀನು ಹೇರ್ಕೊಂಡು ನಮ್ಮ ಸಂತೇಲೇ ಇರ್ತಾರಲ್ಲಮ್ಮ! ಕಾಲೇಜಿನ ಗೇಟಲ್ಲಿ ನಿಂತೋರಿಗೆ ಫೋನ್ ಮಾಡ್ತೀಯಾ? ದೋಣಿ ಇಲ್ಲದ ಮಂಗಳವಾರ ಅವರೇನು ಈಜ್ಕೊಂಡು ಬರ್ಬೇಕಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಊರಿನಲ್ಲೇ ಹುಟ್ಟಿದವಳಿಗೆ ಸಂತೆಯ ದಿನ ಮರೆತಿತ್ತು! ಈಗ ಶನಿವಾರವೇ ಕಾಲೇಜಿನಲ್ಲಿ ಎಂಜಿನ್ ಬಿಚ್ಚುವ ಕೆಲಸ, ಉಳಿದ ದಿನ ಫೋನ್ ಪಾಠ. ಒಪ್ಪಿಗೆ ಸಿಕ್ಕಿದ್ದು ಈ ವೇಳಾಪಟ್ಟಿಗೇ.

ಆದರೆ ಅದನ್ನು ತಿದ್ದಿದ ನಿನ್ನ ಅಪ್ಪನ ಪಾಠವೇ ಕೈತಪ್ಪುವಂತಿದೆ. ಪ್ರತಿ ಮೇಷ್ಟರೂ ಹತ್ತು ನಿಮಿಷದ ಪಾಠವನ್ನು ಚಿತ್ರೀಕರಿಸಿ ನಾಳೆಯೊಳಗೆ ಕೊಡಬೇಕು. ಕೊಡದಿದ್ದರೆ ದೋಣಿ ಎಂಜಿನ್ ದುರಸ್ತಿಯ ಪಾಠ ಹೊಸಬರಿಗೆ ಹೋಗುತ್ತದೆ. ಮೂವತ್ತೊಂದು ವರ್ಷ ಅದನ್ನೇ ಕಲಿಸಿದವರು ಫೋನಿನ ಮುಂದೆ ನಿಂತರೆ ಕಲ್ಲಾಗುತ್ತಾರೆ. "ತಲೆ ಆಡ್ಸೋರು ಯಾರೂ ಇಲ್ಲ. ನಾನು ಗೋಡೆಗೆ ಪಾಠ ಹೇಳೋನಲ್ಲ" ಎನ್ನುತ್ತಾರೆ. ಆರು ಸಲ ಪ್ರಯತ್ನಿಸಿದೆವು. ಆರನೆಯದರಲ್ಲಿ ಕೇಳಿಸುವುದು ಪಕ್ಕದ ಮನೆಯ ಹುಂಜ ಮಾತ್ರ. ಸೊಸೆಯೆಂದು ನಾನು ವಿನಾಯಿತಿ ಕೊಡುವಂತಿಲ್ಲ, ಕೊಟ್ಟರೂ ಅವರು ತೆಗೆದುಕೊಳ್ಳುವವರಲ್ಲ.

ನಿನ್ನ ಹಡಗಿಗೇ ಸೇರಲು ಹೊರಟಿರುವ ಫೆರ್ಮಿನ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹಡಗಿನ ಅಡುಗೆಯವನಿಗೆ ನಾನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ನೀರಿನ ಮೇಲೆಯೇ ಇಟ್ಟಿರಲಿ.

ನಿನ್ನ,
ಮಾರಿಡೆಲ್

ತಾ.ಕ.: ಫೆರ್ಮಿನ್ ಬಾಗಿಲಲ್ಲೇ ನಿಂತಿದ್ದಾನೆ. ಲಕೋಟೆ ಅಂಟಿಸುವ ಮೊದಲು ಹಿತ್ತಲಿನಲ್ಲಿ ಮಾತು ಕೇಳಿಸಿತು. ನಿನ್ನ ಅಪ್ಪ ನಿನ್ನ ಫೋಟೋವನ್ನು ಫೋನಿನ ಹಿಂದೆ ಒರಗಿಸಿಟ್ಟು, ಕೈಯಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಹಿಡಿದು ಪಾಠ ಹೇಳುತ್ತಿದ್ದರು: "ತೋತೋ, ಇಲ್ನೋಡು ಮಗಾ. ಎಂಜಿನ್ ಟಕ್ ಟಕ್ ಅಂದ್ರೆ ಮೊದ್ಲು ಇದನ್ನ ಬಿಚ್ಚು." ಹತ್ತು ನಿಮಿಷವೂ ಫೋನಿನಲ್ಲಿ ಸೆರೆಯಾಯಿತು, ಒಂದು ಸಲವೂ ತಡವರಿಸಲಿಲ್ಲ. ಏಳನೆಯ ನಿಮಿಷದಲ್ಲಿ "ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಮುಖ ಸಣ್ಣಗಾಗಿದೆ" ಎಂದಿದ್ದಾರೆ. ಅಷ್ಟನ್ನು ಕತ್ತರಿಸಲು ನನಗೆ ಬರುತ್ತದೆ. ಕತ್ತರಿಸಿಲ್ಲ. ಒಂದು ಪ್ರತಿ ಪೆನ್ ಡ್ರೈವಿನಲ್ಲಿ ನಿನಗೆ. ಇನ್ನೊಂದನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಠಗಳನ್ನು ಒಪ್ಪುವ ಕಾಲೇಜಿನ ಸಮಿತಿ ನೋಡುತ್ತದೆ.