ಬಳುವಳಿ ಹಸು

ಕುಬಟೂರು

ಬೀಗಿತ್ತಿ ನಿರ್ಮಲಮ್ಮನವರಿಗೆ,

ನಾನು ನಿಮ್ಮ ಗಂಗಾಶ್ರೀಯ ಅತ್ತೆ. ಈ ಮನೆಯಲ್ಲಿ ಮೂವತ್ತು ವರ್ಷದಿಂದ ನನ್ನ ಮಾತೇ ಕಡೆಯದು.

ಅವಳು ಆಸ್ಪತ್ರೆಯಿಂದ ಮನೆಗೆ ಬರುವಾಗಲೇ, ರಕ್ತಕ್ಕೇರಿದ್ದ ನಂಜು ಇಳಿದರೂ ರೋಗ ತಡೆಯುವ ಕಣಗಳು ಬಹಳ ಕಾಲ ಸೋತೇ ಇರಬಹುದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಮನೆಗೆ ಬಂದ ಮೂರನೇ ತಿಂಗಳು ಅವಳು, "ಅತ್ತೇರೆ, ಕೊಟ್ಟಿಗೆ ಕೆಲ್ಸ ಆಗಲ್ಲ" ಅಂದಳು. "ಜ್ವರ ಬಿಟ್ಟ ಮೇಲೆ ಇನ್ನೆಂಥದ್ದೇ ಕಾಯಿಲೆ?" ಎಂದು ಸಗಣಿ ಬುಟ್ಟಿ ಕೊಟ್ಟವಳು ನಾನು. ಎಂಟೇ ದಿನಕ್ಕೆ ಶ್ವಾಸಕೋಶಕ್ಕೆ ಸೋಂಕು ಹತ್ತಿತು.

ಡಾಕ್ಟರು ಒಪ್ಪುವವರೆಗೆ ಅವಳನ್ನು ಶಿಕಾರಿಪುರದ ನಿಮ್ಮ ಮನೆಯಿಂದ ಕಳಿಸಬೇಡಿ. ನೋಡಲು ಬಂದವರನ್ನು ಜಗಲಿಯಲ್ಲೇ ಕೂರಿಸಿ. ನಾನು ಬಂದರೂ ಅಷ್ಟೇ.

ನೀವು ಬಳುವಳಿಯಾಗಿ ಕೊಟ್ಟ ಹಸುವನ್ನೂ ಸೇರಿಸಿ ನಾಲ್ಕು ದನಗಳನ್ನೂ ನಿನ್ನೆ ಉಳವಿಯ ನನ್ನ ತಮ್ಮನ ಮನೆಗೆ ಬಿಟ್ಟುಬಂದೆ. ಕೊಟ್ಟಿಗೆ ತೊಳೆದು ಬೀಗ ಹಾಕಿದ್ದೇನೆ.

ಇಂತಿ,
ಶಿವಲಿಂಗಮ್ಮ