ರೇಸ್ ಬಯಲಿನ ಕೊನೆಯ ಓಟ

ಹೊನ್ನಾಳಿ
11-02-2024

ಪ್ರೀತಿಯ ಮಸರತ್ ಆಪಾ,

ನಿನಗೆ ಸಲಾಂ. ಜಗಳೂರಿನಲ್ಲಿ ಭಾವ, ಮಕ್ಕಳು ಎಲ್ಲ ಆರಾಮವೇ? ನಿನ್ನೆಯಿಂದ ನಿನ್ನ ಫೋನು ಎತ್ತಿಲ್ಲ. ಎತ್ತಿದರೆ ಪಕ್ಕದಲ್ಲೇ ಅಮ್ಮಿ ಇರುತ್ತಾಳೆ; ಅವಳೆದುರು ಈ ಮಾತು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅದಕ್ಕೇ ಈ ಪತ್ರ.

ನಮ್ಮ ರೇಸ್ ಬಯಲನ್ನು ಸಂತೆ ಮೈದಾನ ಮಾಡುತ್ತಾರೆಂದು ಹೇಳಿದ್ದೆನಲ್ಲ. ಜೆಸಿಬಿ ಬರುವ ಮೊದಲು ಊರವರು ನಿನ್ನೆ ಅಲ್ಲೊಂದು ಸಭೆ ಇಟ್ಟುಕೊಂಡಿದ್ದರು. ನಿರ್ಮಲಮ್ಮ ಟೀಚರ್ ಬಯಲಿನ ಕಥೆ ಹೇಳಿದರು. ಮೊದಲು ಅಲ್ಲಿ ಓಡಿದ್ದೆಲ್ಲ ಟಾಂಗಾ ಕುದುರೆಗಳೇ. ಸುಗ್ಗಿ ಮುಗಿದ ಮೇಲೆ ನ್ಯಾಮತಿ, ಚನ್ನಗಿರಿ, ಸಾಸ್ವೆಹಳ್ಳಿಯ ಟಾಂಗಾದವರು ಗಾಡಿ ಬಿಚ್ಚಿಟ್ಟು, ಬರಿ ಬೆನ್ನಿನ ಮೇಲೆ ಕೂತು ಪಂದ್ಯ ಓಡುತ್ತಿದ್ದರಂತೆ. ಆಮೇಲೆ ಸುತ್ತ ಕಂಬ ನೆಟ್ಟು ಸುಣ್ಣ ಬಳಿದರು, ಅಡಿಕೆ ಮಂಡಿಯವರು ಬೆಳ್ಳಿ ಲೋಟ ಇಟ್ಟರು. ಆಟೋ ಬಂದವು, ಟಾಂಗಾ ಹೋದವು. ಬಯಲಲ್ಲಿ ಮೆಕ್ಕೆಜೋಳ ಒಣಗತೊಡಗಿತು.

ಕೊನೆಯ ಪಂದ್ಯ ಗೆದ್ದವನು ಮಂಜೂರ್ ಎಂದು ಊರೆಲ್ಲ ನಮ್ಮ ಅಬ್ಬಾನ ಹೆಸರು ಹೇಳುವುದನ್ನು ಕೇಳುತ್ತ ಬೆಳೆದವರು ನಾವು. ಅಬ್ಬಾ ಈಗ ಇಲ್ಲವಾದ್ದರಿಂದ ಅಮ್ಮಿಗೆ ಶಾಲು ಹೊದಿಸಿದರು. “ಎರಡು ಮಾತಾಡ್ರಿ ಇಮಾಮ್‌ಬೀ” ಎಂದರು ಟೀಚರ್. ಮನೆಗೆ ಗ್ಯಾಸಿನವನು ಬಂದರೂ ಒಳಗಿನಿಂದಲೇ ಮಾತಾಡುವ ಅಮ್ಮಿ ಮೈಕಿನ ಮುಂದೆ ನಿಂತಳು. ಶಾಲನ್ನು ಮಡಿಚಿ ಟೀಚರ್ ಕೈಗೇ ಕೊಟ್ಟಳು.

“ಇದನ್ನ ಅವರ ಹೆಸರಲ್ಲಿ ತಗೊಂಡ್ರೆ ಸುಳ್ಳಾಗ್ತೈತೆ. ಆವತ್ತು ಕುದುರೆ ಹತ್ತಿದ್ದು ಅವರಲ್ರೀ. ಅವರಿಗೆ ಜ್ವರ, ಏಳಾಕೂ ಆಗ್ತಿರಲಿಲ್ಲ. ಅವರ ಅಂಗಿ ಹಾಕ್ಕಂಡು, ಮುಖಕ್ಕೆ ರುಮಾಲು ಸುತ್ಕಂಡು ಹೋಗಿದ್ದು ನಾನು.”

ಹಿಂದಿನಿಂದ ಯಾರೋ ನಕ್ಕರು. ಅಮ್ಮಿಗೆ ಅರಳು ಮರುಳಾಯಿತೆಂದು ನಾನು ಅವಳನ್ನು ಇಳಿಸಲು ಓಡಿದೆ. ಅಷ್ಟರಲ್ಲಿ ಬೆನಕಪ್ಪನವರು ಕೋಲೂರಿ ಎದ್ದು ನಿಂತರು. ಆ ಪಂದ್ಯದಲ್ಲಿ ಎರಡನೆಯವರಾಗಿ ಬಂದವರು ಅವರೇ.

“ನಗಬ್ಯಾಡ್ರಿ,” ಎಂದರು. “ತಿರುವಿನಾಗೆ ನನ್ನ ಕುದುರೆ ಅವರದ್ದಕ್ಕೆ ಒತ್ಕಂಡೇ ಇತ್ತು. ಬಳೆ ಸದ್ದು ಕೇಳ್ತು. ಗಂಡಸಿನ ಕೈಯಾಗೆ ಬಳೆ ಎಲ್ಲಿಂದ ಬರ್ತಾವೆ?”

ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಟೀಚರ್ ಕೇಳಿದರು.

“ಹೆಣ್ಮಗಳ ಕೈಲಿ ಸೋತೆ ಅನ್ನಾಕೆ ಆವಾಗ ನಾಚ್ಕೆ. ಆಮ್ಯಾಲೆ, ಹೇಳಿದ್ರೆ ಮಂಜೂರ್ ಮನೆಗೆ ಏನಾದೀತೋ ಅಂತ ಹೆದ್ರಿಕೆ.” ಅಮ್ಮಿಯ ಕಡೆ ತಿರುಗಿದರು. “ತಂಗೀ, ಅಂಥಾ ತಿರುವಿನಾಗೆ ಕುದುರೇನ ಹೆಂಗೆ ಹಿಡಿದೆ?”

“ಹಿಡೀಲಿಲ್ರೀ. ಅದಕ್ಕೆ ನನ್ನ ದನಿ ಗೊತ್ತಿತ್ತು,” ಎಂದಳು ಅಮ್ಮಿ.



ಮನೆಗೆ ಬಂದ ಮೇಲೆ ಒಂದೊಂದೇ ಕೇಳಿದೆ. ಕೆರೆಬಿಳಚಿಯ ತವರಲ್ಲಿ ಅವಳ ಅಬ್ಬನಿಗೂ ಟಾಂಗಾ ಇತ್ತಂತೆ; ಹುಡುಗಿಯಾಗಿದ್ದಾಗಲೇ ಸವಾರಿ ಕಲಿತಿದ್ದಳು. ಇಲ್ಲಿ ನಸುಕಿನಲ್ಲಿ ಕುದುರೆಯನ್ನು ಹೊಳೆಗೆ ಒಯ್ಯುತ್ತಿದ್ದವಳೂ ಅವಳೇ. ಅಬ್ಬಾ ಬೇಡವೆಂದರೂ ಆ ದಿನ ಕೇಳಲಿಲ್ಲ. ಗೆದ್ದವಳು ಇಳಿಯದೆ ನೇರ ಮನೆಗೆ ಬಂದಳು. ಲೋಟವನ್ನು ಮಂಡಿಯವರೇ ಆಮೇಲೆ ಅಬ್ಬಾಗೆ ತಂದುಕೊಟ್ಟರು.

ನನಗೆ ಹೆಮ್ಮೆಯಾಗಬೇಕಿತ್ತು. ಆದರೆ ನೆನಪಾದದ್ದು ನೀನು. ನೀನು ಕಾಲೇಜಿಗೆ ಹೋಗಲೆಂದು ಮಾವ ತಂದುಕೊಟ್ಟ ಸೈಕಲ್ಲನ್ನು ಹೆಣ್ಣುಮಕ್ಕಳಿಗೆ ಇದೆಲ್ಲ ಬೇಡವೆಂದು ವಾಪಸ್ ಕಳಿಸಿದವಳು ಇದೇ ಅಮ್ಮಿ. ನಿನ್ನ ಓದು ಅಲ್ಲಿಗೇ ನಿಂತಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳಿಯೇಬಿಟ್ಟೆ. ಎದ್ದು ಒಳಗೆ ಹೋದಳು. ಸಿಟ್ಟು ಬಂದರೆ ಬರಲಿ, ನೀನು ಒಮ್ಮೆ ಬಂದು ಹೋಗು. ನನ್ನೊಬ್ಬಳಿಂದ ಇದನ್ನು ಹೊರಲಾಗುತ್ತಿಲ್ಲ.

ನಿನ್ನ ತಂಗಿ,
ತಸ್ಲೀಮ್

ತಾ.ಕ.: ಇದು ಈಗಷ್ಟೇ ತಿಳಿದದ್ದು. ಪತ್ರ ಮಡಿಚುವಾಗ ಅಮ್ಮಿ ಬಂದು ಎದುರು ಕೂತು, “ಸೈಕಲ್ ಯಾಕೆ ಬ್ಯಾಡಂದೆ ಅಂತ ಕೇಳಿದ್ಯಲ್ಲ, ಇದನ್ನೂ ಬರಿ” ಎಂದಳು. ಆ ಪಂದ್ಯದ ದಿನ ಅವಳು ಬಸುರಿ. ನಿನಗಿಂತ ಮೊದಲಿನದು. ಅದೇ ವಾರ ಹೋಯಿತಂತೆ. ಜ್ವರದಲ್ಲಿ ಮಲಗಿದ್ದ ಅಬ್ಬಾಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅವರು ತಿಳಿಯದೆಯೇ ಹೋದರು.