ಮೂರು ಗೀಟಿನ ಇಂಜಿನ್

ದೊಡ್ಡಪ್ಪಾ,

ಹಳೆಯ ಕಾರು ಕೊಳ್ಳುವ ಆ ಬೆಂಗಳೂರಿನವನು ಸತ್ಯಮಂಗಲದ ನಿನ್ನ ಗ್ಯಾರೇಜಿಗೆ ಬಂದ ದಿನ ನೆನಪಿದೆಯೇ? ನಿನ್ನ ಕೆಂಪು ಕಾರಿನ ಸುತ್ತ, ಹೆಣ್ಣು ನೋಡಲು ಬಂದವನ ಹಾಗೆ ಮೂರು ಸುತ್ತು ಹಾಕಿದ. ಎರಡೇ ಸೀಟಿನ, ಮೇಲೆ ಸೂರಿಲ್ಲದ ಇಂಗ್ಲೆಂಡಿನ ಕಾರು. ನೋಡಿ ಅವನ ಮುಖವೆಲ್ಲ ನಗುವಾಗಿತ್ತು. ಬಾನೆಟ್ ಎತ್ತಿದ್ದೇ ಆ ನಗು ಆರಿಹೋಯಿತು.

"ಇದು ಟ್ಯಾಕ್ಸಿ ಇಂಜಿನ್ ಅಲ್ವೇನ್ರೀ? ಆರ್‌ಸಿ ಪುಸ್ತಕದಲ್ಲಿರೋ ನಂಬರೇ ಬೇರೆ. ಕಾರಿನ ಜೊತೆಗೇ ಹುಟ್ಟಿದ ಇಂಜಿನ್ ಇದ್ದಿದ್ರೆ ನೀವು ಕೇಳಿದಷ್ಟು ಕೊಡ್ತಿದ್ದೆ. ಈಗ ಅರ್ಧ ಬೆಲೆನೂ ಬಾಳಲ್ಲ."

ಆಗ ನಾನು ಅಂದ ಮಾತು ನಿನಗೆ ಮರೆತಿರಲಾರದು. "ನಮ್ ದೊಡ್ಡಪ್ಪನೇ ಕೆಡಿಸಿದ್ದು ಸಾರ್." ಸ್ಪ್ಯಾನರ್ ಹಿಡಿಯುವುದನ್ನು ನಿನ್ನಿಂದಲೇ ಕಲಿತವನು, ನಿನ್ನದೇ ಗ್ಯಾರೇಜಿನಲ್ಲಿ, ನಿನಗೆ ಕೇಳುವ ಹಾಗೆ ಅಂದೆ. ನೀನು ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಒರೆಸಿಕೊಳ್ಳುತ್ತಲೇ ಇದ್ದೆ. ಎರಡು ವಾರಕ್ಕೆ ನಿನ್ನ ಎದೆಬಡಿತ ನಿಂತುಹೋಯಿತು. ಆ ಎರಡು ವಾರದಲ್ಲಿ ಒಂದು ಸಲವಾದರೂ ನಾನು...

ನಿನ್ನ ವರ್ಷದ ಕಾರ್ಯ ಮುಗಿದ ದಿನ ದೊಡ್ಡಮ್ಮ ಬಾಯಿಬಿಟ್ಟಳು. "ಅದರ ಇಂಜಿನ್ನು ಗುಬ್ಬಿ ತಾವ ಇವರ ಸ್ನೇಹಿತ ರಾಜಣ್ಣನ ತೋಟದಾಗೈತೆ ಕಣ್ಲಾ. ಬಾವಿ ಇಂಜಿನ್ ಕೆಟ್ಟೋಗೈತೆ, ತೆಂಗಿನ ಸಸಿ ಬಾಡ್ತವೆ ಅಂತ ಬಂದಿದ್ದ. ಇವರು ಕಾರಿಂದ್ಲೇ ಬಿಚ್ಚಿ ಕೊಟ್ಟುಬುಟ್ರು, ಕಾರಿಗೆ ಹಳೇ ಟ್ಯಾಕ್ಸೀದು ಕೂರಿಸ್ಕಂಡ್ರು." ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗಿತ್ತು ಅಂತ ಕಥೆ ಹೇಳುತ್ತಿದ್ದೆಯಲ್ಲ, ನಿನ್ನ ಕಾರಿನ ಪ್ರಾಣ ನೋಡಿದರೆ ಗುಬ್ಬಿಯಲ್ಲಿ ನೀರೆತ್ತುತ್ತಿತ್ತು!

ಗುಬ್ಬಿಗೆ ಹೋದರೆ, ರಾಜಣ್ಣ ನನ್ನನ್ನು ನಿನ್ನ ಮೂಗಿನಿಂದಲೇ ಗುರುತು ಹಿಡಿದ. "ಹತ್ತು ವರ್ಷ ಸೀಮೆಎಣ್ಣೇಲಿ ದುಡೀತು ಕಣಪ್ಪ. ಈಗ ಕರೆಂಟ್ ಮೋಟ್ರು ಬಂದೈತೆ, ಇದು ಪೆನ್ಷನ್ ತಗಂಡೈತೆ" ಎಂದು ಗೋಣಿಚೀಲ ಸರಿಸಿದ. ನಂಬರು ಇರಬೇಕಾದ ಕಡೆ ಒರೆಸಿ ನೋಡಿದೆ. ನೀನು ಬಿಚ್ಚಿ ಕಟ್ಟಿದ ಇಂಜಿನ್ನಿಗೆಲ್ಲ ವಿಭೂತಿ ಇಡುತ್ತಿದ್ದೆಯಲ್ಲ, ಒಂದು ಸಪಾಟು ಜಾಗ ಉಜ್ಜಿ, ಉಳಿಯಲ್ಲಿ ಮೂರು ಅಡ್ಡಗೀಟು? ಇದಕ್ಕೂ ಇಟ್ಟಿದ್ದೆ. ಸರಿಯಾಗಿ ನಂಬರಿನ ಮೇಲೆಯೇ, ಒಂದು ಅಂಕಿಯೂ ಉಳಿದಿರಲಿಲ್ಲ.

ನಾನು ತಲೆ ಮೇಲೆ ಕೈ ಹೊತ್ತು ಕೂತಾಗ ರಾಜಣ್ಣ ಅಂದ: "ನಿಮ್ ದೊಡ್ಡಪ್ಪನೂ ಹಿಂಗೇ ಮಾಡ್ದ. ಸಾಯೋಕೆ ಎಂಟು ದಿನ ಮುಂಚೆ ಬಸ್ಸಲ್ಲಿ ಬಂದಿದ್ದ. 'ನಮ್ ಶಿವು ಬೇಜಾರ್ ಮಾಡ್ಕಂಡವ್ನೆ ಕಣೋ, ಇದನ್ನ ವಾಪಸ್ ಕೂರಿಸ್ಕೊಡ್ಬೇಕು' ಅಂದ. ಆಮ್ಯಾಕೆ ಗೀಟಿನ ಮೇಲೆ ಬೆರಳಾಡಿಸಿ, 'ಥೂ, ನಾನೇ ಉಜ್ಜಾಕ್ಬುಟ್ಟಿದೀನಲ್ಲೋ' ಅಂತ ಬಾವಿ ಕಟ್ಟೆ ಮೇಲೆ ಕುಂತುಬುಟ್ಟ. ಕಾಫಿ ಕೊಟ್ರೂ ಮುಟ್ಲಿಲ್ಲ."

ಬಸ್ಸಿನಲ್ಲಿ ಒಬ್ಬನೇ ಹೋಗಿ ಬಂದೆಯಾ ದೊಡ್ಡಪ್ಪ? ಸಂಜೆ ಎದುರಿಗೇ ಕೂತು ಮುದ್ದೆ ಉಂಡೆವಲ್ಲ, ನನಗೊಂದು ಮಾತು ಹೇಳಬಾರದಿತ್ತೇ? ಹೇಳುವಂಥ ಮುಖ ನಾನು ಇಟ್ಟುಕೊಂಡಿದ್ದರೆ ತಾನೇ...

ಕಳೆದ ತಿಂಗಳು ಆ ಬೆಂಗಳೂರಿನವನು ಮತ್ತೆ ಬಂದ. ಇಂಜಿನ್ ಸಿಕ್ಕ ಕಥೆ ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡ. "ಆ ಗೀಟು ಉಜ್ಜಿಸಿ ಹಳೇ ನಂಬರ್ ಹೊಡೆಸೋಣ. ಯಾರ್ರೀ ಕಂಡುಹಿಡೀತಾರೆ? ಪೂರ್ತಿ ಬೆಲೆ ನಿಮ್ದು." ಒಂದು ಗಳಿಗೆ ಆಸೆಯಾಯಿತು, ನಿನ್ನ ಹತ್ತಿರ ಸುಳ್ಳೇಕೆ. ಆದರೆ ನೀನು ಬೆರಳಾಡಿಸಿದ ಜಾಗಕ್ಕೆ ಇನ್ನೊಬ್ಬ ಉಜ್ಜುವ ಗ್ರೈಂಡರ್ ಇಡಬೇಕೇ?

"ಬೇಡ ಸಾರ್. ಅವತ್ತು ದೊಡ್ಡಪ್ಪ ಕೆಡಿಸಿದ್ದು ಅಂದ್ನಲ್ಲ, ಅದು ತಪ್ಪು ಮಾತು" ಎಂದೆ. ಅವನು ಮೊಬೈಲ್ ನೋಡುತ್ತಾ, "ನಿಮ್ಮಿಷ್ಟ ರೀ" ಎಂದು ಎದ್ದುಹೋದ. ಅವನಿಗೆ ಆ ಮಾತು ಬೇಕಿರಲಿಲ್ಲ. ಬೇಕಿದ್ದವನು ಅಲ್ಲಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಆರ್‌ಟಿಒ ಕಚೇರಿಗೆ ಅಲೆದು, ಟ್ಯಾಕ್ಸಿ ಇಂಜಿನ್ನಿನ ನಂಬರನ್ನೇ ಆರ್‌ಸಿಯಲ್ಲಿ ಬರೆಸಿದೆ. "ಇನ್ಮೇಲೆ ಇದನ್ನ ಒರಿಜಿನಲ್ ಅಂತ ಮಾರಂಗಿಲ್ಲ, ಗೊತ್ತಲ್ವಾ?" ಅಂದರು ಕಚೇರಿಯವರು. ಗೊತ್ತು ಅಂದೆ. ಭಾನುವಾರ ದೊಡ್ಡಮ್ಮನನ್ನು ಕೂರಿಸಿಕೊಂಡು ಕುಣಿಗಲ್‌ವರೆಗೆ ಹೋದೆ. ಸೆರಗು ತಲೆಗೆ ಬಿಗಿದುಕೊಂಡು, "ಮೆಲ್ಲಗೆ ಓಡಿಸ್ಲಾ" ಅನ್ನುತ್ತಲೇ ಕೂತಿದ್ದಳು. ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಕಾರಿನ ಮೇಲೆ ಕೈಯಾಡಿಸಿ, "ಎಲ್ಲಾ ಒರಿಜಿನಲ್ಲಾ?" ಎಂದು ಕೇಳಿದರು.

"ಇಲ್ಲ ಸಾರ್," ಅಂದೆ, "ನಮ್ ದೊಡ್ಡಪ್ಪ ಕಟ್ಟಿದ್ದು."

ಅವತ್ತೂ ಇಷ್ಟೇ ಅಂದಿದ್ದರೆ ಸಾಕಿತ್ತು.

ನಿನ್ನ ತಮ್ಮನ ಮಗ,
ಶಿವು